ಬಕ್ರೀದ್‌ಗೆ ನಕ್ಕೆ, ಕ್ರಿಸ್ಮಸ್‌ಗೆ ಅಳು ಬರುತ್ತಿದೆ

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದವಳು. ಎರಡು ವರ್ಷಗಳಿಂದ ಒಮಾನ್‌ನ ನಿಜ್ವಾದಲ್ಲಿ ನರ್ಸ್ ಆಗಿದ್ದೇನೆ. ಈ ಸಲದ ಬಕ್ರೀದ್‌ಗೆ ಸಹೋದ್ಯೋಗಿಯೊಬ್ಬಳು ತನ್ನ ಮನೆಗೆ ಕರೆದೊಯ್ದಳು. ಮೂರು ದಿನ ಮನೆಮಗಳಂತೆ ನೋಡಿಕೊಂಡರು, ನಾನೂ ನಿಜಕ್ಕೂ ಖುಷಿಯಾಗಿದ್ದೆ. ಕ್ರಿಸ್ಮಸ್‌ಗೆ ಮಾತ್ರ ರಜೆ ಸಿಕ್ಕಿಲ್ಲ. ‘ಅವರ ಹಬ್ಬಕ್ಕೆ ನಿನಗೆ ಪುರುಸೊತ್ತಿತ್ತು, ನಮ್ಮ ಹಬ್ಬಕ್ಕಿಲ್ಲ’ ಎಂದು ಅಮ್ಮ ಅಂದಾಗಿನಿಂದ ದ್ರೋಹ ಮಾಡಿದಂತೆ ಅನ್ನಿಸುತ್ತಿದೆ. ‘ನಿಮ್ಮ ಹಬ್ಬಕ್ಕೆ ಏನು ಮಾಡುತ್ತೀರಿ?’ ಎಂದು ಗೆಳತಿ ಕೇಳುತ್ತಿದ್ದಾಳೆ. ನಾನು ಮಾತು ತೇಲಿಸುತ್ತಿದ್ದೇನೆ. ಅವಳ ತಾಯಿ ಕೊಟ್ಟ ಹಲ್ವಾದ ಡಬ್ಬಿಯನ್ನೂ ಹಿಂದಿರುಗಿಸಿಲ್ಲ. ಕೆಲಸ ಬಿಟ್ಟು ಬಂದುಬಿಡಲೇ?

ಉತ್ತರ: ದ್ರೋಹ ಎಂಬ ಪದವನ್ನು ಮೊದಲು ಪಕ್ಕಕ್ಕಿಡೋಣ. ನಿಮ್ಮ ದೀರ್ಘ ಪತ್ರದಲ್ಲಿ ಹೆಚ್ಚು ಜೀವಕಳೆಯಿರುವುದು ಬಕ್ರೀದಿನ ಭಾಗಕ್ಕೇ. ಮಸಾಲೆ ಸವರಿದ ಮಾಂಸವನ್ನು ಬಾಳೆಲೆಯಲ್ಲಿ ಸುತ್ತಿ, ಚೀಲಕ್ಕೆ ತುಂಬಿ, ಓಣಿಯವರೆಲ್ಲರ ಚೀಲಗಳೊಂದಿಗೆ ಕೆಂಡದ ಗುಂಡಿಗಿಳಿಸಿ ಬಾಯಿ ಮುಚ್ಚಿದ್ದನ್ನು ಬರೆದಿದ್ದೀರಿ. ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಸಾಕೆಂದು ಸೂಚಿಸದ ಹೊರತು ಕಹ್ವಾ (ಅರಬ್ ಕಾಫಿ) ಸುರಿಯುತ್ತಲೇ ಇರುತ್ತಾರೆಂದು ತಿಳಿಯದೆ ಐದು ಬಟ್ಟಲು ಕುಡಿದದ್ದನ್ನೂ ಬರೆದಿದ್ದೀರಿ. ಗುಂಡಿಯಿಂದ ತೆಗೆದ ‘ಶುವಾ’ವನ್ನು ಬಿಚ್ಚುವಾಗ, ಬಾಡಿದ ಬಾಳೆಲೆಯ ವಾಸನೆಗೆ ಮನೆಯ ಅಡುಗೆಕೋಣೆ ನೆನಪಾಯಿತೆಂಬ ಸಾಲು ಅದರ ಬೆನ್ನಿಗೇ ಇದೆ. ಮನೆಯನ್ನು ಮರೆತವರಿಗೆ ಹಾಗೆ ನೆನಪಾಗುವುದಿಲ್ಲ.

ತಾಯಿಯ ಮಾತನ್ನು ನೀವು ಧರ್ಮದ ಆಕ್ಷೇಪವೆಂದು ಓದಿಕೊಂಡಿದ್ದೀರಿ. ನನಗೆ ಹಾಗೆ ಕೇಳಿಸುತ್ತಿಲ್ಲ. ಡಿಸೆಂಬರ್ ಎಂದರೆ ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲ. ಹಗಲೆಲ್ಲ ಸುಲಿಯುವವರ ಗಡಿಬಿಡಿ, ಬೇಯಿಸುವ ಹಂಡೆಯ ಹೊಗೆ, ಚಪ್ಪರದ ಮೇಲೆ ಹರವುವ ಕೆಲಸ. ಇವೆಲ್ಲ ಮುಗಿದ ಮೇಲೆ ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ ತಿಂಡಿಗಳ ತಯಾರಿಗೆ, ಕೂರಬೇಕು. ಒಂದೊಂದೇ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೊತ್ತಿ ಸುರುಳಿ ಮಾಡಿ ಕಿಡಿಯೊ ಕರಿಯುವುದು ಒಬ್ಬರ ಕೈಲಾಗುವ ಕೆಲಸವಲ್ಲ. ನಿಮ್ಮ ಮನೆಯಲ್ಲಿ ಸುತ್ತುವವರು ನೀವು, ಕರಿಯುವವರು ಅವರು ಎಂದು ನೀವೇ ತಿಳಿಸಿದ್ದೀರಿ. ಈಗ ಎರಡೂ ಅವರ ಪಾಲಿಗೆ ಬಂದಿದೆ. ಅಮ್ಮ ನೋಡಿದ ಬಕ್ರೀದಿನ ಫೋಟೊಗಳ ಬಗ್ಗೆ ಸಮಜಾಯಿಷಿ ಕೊಡಲು ಹೋಗಬೇಡಿ. ಎಷ್ಟು ಸೇರು ಹಿಟ್ಟಿಗೆ ಎಷ್ಟು ತೆಂಗಿನಹಾಲು ಎಂದು ಕೇಳಿ. ಒಮಾನ್‌ನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಅವರು ರಾತ್ರಿ ಒಂಬತ್ತಕ್ಕೆ ಕೂತಾಗ ನಿಮಗೆ ಏಳೂವರೆ. ಹಗಲು ಪಾಳಿಯ ದಿನ ವಿಡಿಯೊ ಕರೆ ಹಚ್ಚಿ, ನೀವೂ ಒಂದು ಫೋರ್ಕ್ ಹಿಡಿದು ಕೂರಬಹುದು.

ಇನ್ನು ಗೆಳತಿಯ ವಿಚಾರ. ಆಕೆಯ ಪ್ರಶ್ನೆಯನ್ನು ತೇಲಿಸುವುದು ಮರ್ಯಾದೆಯಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಶಿವಮೊಗ್ಗದ ನಮ್ಮ ಬೀದಿಯಲ್ಲಿ ಕ್ರಿಸ್ಮಸ್ ದಿನ ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ ಬಂದರೆ, ನನ್ನ ತಾಯಿ ಅದನ್ನು ತೊಳೆದು, ಖಾಲಿ ಕಳಿಸಬಾರದೆಂದು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಹಿಂದಿರುಗಿಸುತ್ತಿದ್ದರು. (ಡಬ್ಬದಲ್ಲಿ ಚಕ್ಕುಲಿ ಇದ್ದ ವರ್ಷ ಸಕ್ಕರೆಗೆ ಬಿಡುವು.) ನೀವು ಮಲೆನಾಡಿನವರಾಗಿ ಬಕ್ರೀದಿನ ಡಬ್ಬಿಯನ್ನು ಡಿಸೆಂಬರಿನ ತನಕ ಇಟ್ಟುಕೊಂಡಿದ್ದೀರಿ. ಅದರಲ್ಲಿ ಕಿಡಿಯೊ, ನೆವ್ರಿ (ಕರಿಗಡುಬು) ತುಂಬಿಸಿ ಕೊಡಿ, ಆ ಮನೆಯವರನ್ನು ಊಟಕ್ಕೆ ಕರೆಯಿರಿ. ಹಂದಿಮಾಂಸದ ಮಾತೇ ಬೇಡ, ಕೋಳಿ ಹಲಾಲ್ ಆಗಿರಲಿ, ಕೇಕಿಗೆ ರಮ್ ಬೇಡ, ಇಡ್ಲಿಯಂಥ ಸನ್ನಕ್ಕೆ ಹೆಂಡದ ಬದಲು ಯೀಸ್ಟ್ ಹಾಕಿ. ಗೋದಲಿಯನ್ನು ಮಾತ್ರ ಮುಚ್ಚಿಡಬೇಕಾಗಿಲ್ಲ. ಮರ್ಯಮ್ ಮತ್ತು ಈಸಾರ (ನಮ್ಮ ಮರಿಯಮ್ಮ, ಯೇಸುವಿನ) ಕಥೆಯನ್ನು ಅವರು ಕುರಾನಿನಲ್ಲಿ ಓದಿಯೇ ಬೆಳೆದವರು, ಅವರ ನಂಬಿಕೆ ನಿಮ್ಮದಕ್ಕಿಂತ ಬೇರೆಯೇ ಆದರೂ.

ಇಷ್ಟು ಮಾಡಿದರೆ ಊರಿನ ಕ್ರಿಸ್ಮಸ್ ಸಿಕ್ಕಿಬಿಡುತ್ತದೆಂದು ನಾನು ಹೇಳಲಾರೆ. ಸೇಕ್ರೆಡ್ ಹಾರ್ಟ್ ಚರ್ಚಿನಿಂದ ಇಬ್ಬನಿಯಲ್ಲಿ ಶಾಲು ಹೊದ್ದು ಹೊರಬರುವ ಆ ರಾತ್ರಿ ಅಲ್ಲಿಲ್ಲ. ಸುಮಾರು 150 ಕಿ.ಮೀ. ದೂರದ ಮಸ್ಕತ್‌ನ ರೂವಿಯಲ್ಲಿ, ಸುಲ್ತಾನ್ ಕಾಬೂಸ್ ಕೊಟ್ಟ ಜಾಗದಲ್ಲಿ ಚರ್ಚುಗಳಿವೆ. ಪಾಳಿ ಹೊಂದಿದರೆ ಹೋಗಿಬನ್ನಿ. ಹೊಂದದಿದ್ದರೆ ಅಳು ಬಂದಾಗ ಅತ್ತುಬಿಡಿ, ಅದಕ್ಕೆ ಔಷಧ ಹುಡುಕಬೇಕಾಗಿಲ್ಲ.

ಕೆಲಸ ಬಿಡುವ ತೀರ್ಮಾನವನ್ನು ಡಿಸೆಂಬರಿನಲ್ಲಿ ಮಾಡಬೇಡಿ. ಸಂಬಳ, ದುಡಿಮೆ, ಜೊತೆಗಿರುವವರು, ಯಾವುದರ ಬಗ್ಗೆಯೂ ನಿಮ್ಮ ಪತ್ರದಲ್ಲಿ ದೂರಿಲ್ಲ. ಇರುವುದು ಒಂದು ವಾರದ ಸಂಕಟ. ಫೆಬ್ರವರಿಯಲ್ಲೂ ಹೀಗೆಯೇ ಅನ್ನಿಸಿದರೆ ಮತ್ತೆ ಬರೆಯಿರಿ. ಅಷ್ಟರೊಳಗೆ, ಚಾಂದ್ರಮಾನ ವರ್ಷ ಚಿಕ್ಕದಾದ್ದರಿಂದ ಬಕ್ರೀದ್ ಪ್ರತಿವರ್ಷ ಸುಮಾರು 11 ದಿನ ಮೊದಲೇ ಬರುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಪಾಳಿಯ ಪಟ್ಟಿ ಸಿದ್ಧವಾಗುವ ಮೊದಲೇ ಮೇಲ್ವಿಚಾರಕರ ಬಳಿ ಮಾತಾಡಿ: ಹಬ್ಬದ ಮೊದಲ ದಿನದ ಡ್ಯೂಟಿ ನನಗಿರಲಿ, ಕ್ರಿಸ್ಮಸ್ ವಾರದ ರಜೆ ನನಗೆ ಸಿಗಲಿ ಎಂದು ಬರಹದಲ್ಲಿಯೇ ಕೇಳಿ. ಶುವಾ ಗುಂಡಿಯಿಂದ ಮೇಲೇಳುವುದು ಹೇಗೂ ಎರಡನೆಯ ಅಥವಾ ಮೂರನೆಯ ದಿನ. ನಿಮ್ಮ ಪಾಲು ತಪ್ಪುವುದಿಲ್ಲ.