‘ಮಕ್ಕಳ ಕಳ್ಳರ’ ವಿಡಿಯೋ ಡಿಲೀಟ್ ಮಾಡಿದ್ದು ತಪ್ಪಾಯಿತೇ?

ಪ್ರಶ್ನೆ: ನಮ್ಮೂರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನೇ ಅಡ್ಮಿನ್. ಎಲ್ಲ ಜಾತಿ, ಧರ್ಮದವರೂ ಇದ್ದಾರೆ. ಮೊನ್ನೆ ರಾತ್ರಿ ಯಾರೋ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂದು ವಿಡಿಯೋ ಹಾಕಿದರು, ಒಂದು ಸಮುದಾಯದ ಹೆಸರನ್ನೂ ಸೇರಿಸಿದ್ದರು. ನಾನು ಡಿಲೀಟ್ ಮಾಡಿದೆ. ಬೆಳಗಾಗುವಷ್ಟರಲ್ಲಿ ‘ಅಡ್ಮಿನ್ ಏನೋ ಮುಚ್ಚಿಡ್ತಿದ್ದಾನೆ’ ಎಂಬ ಮಾತು ಹಬ್ಬಿತ್ತು. ಇಂಥದ್ದನ್ನು ತಡೆಯೋಕೆ ಆ್ಯಪ್ ಇದೆಯಾ? ನನ್ನ ಮೇಲೆ ಕೇಸ್ ಬೀಳುತ್ತಾ?
— ಒಬ್ಬ ಅಡ್ಮಿನ್, ಬೀದರ್ ಜಿಲ್ಲೆ

ಉತ್ತರ: ಡಿಲೀಟ್ ಮಾಡಿದ್ದು ಸರಿ. ಅಳಿಸಿ ಸುಮ್ನಾದಿರಲ್ಲ, ಎಡವಟ್ಟಾಗಿದ್ದು ಅಲ್ಲಿ.

ನಿಮ್ಮ ಜಿಲ್ಲೆಯದೇ ಕಥೆ ನೆನಪಿದೆ ಅಲ್ವಾ? 2018ರ ಜುಲೈನಲ್ಲಿ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪ. ‘ಮಕ್ಕಳ ಕಳ್ಳರು’ ಎಂಬ ವಿಡಿಯೋ ಅವನೂ ಗೆಳೆಯರೂ ಇದ್ದ ಕಾರಿಗಿಂತ ಮೊದಲು ಮುರ್ಕಿ ತಲುಪಿತ್ತು. ಆ ವರ್ಷ ಊರೂರು ಸುತ್ತಿದ, ಬೈಕಿನವರು ಮಗು ಎತ್ತಿಕೊಂಡು ಹೋಗುವ ಇನ್ನೊಂದು ವಿಡಿಯೋ ಕರಾಚಿಯ ಜಾಗೃತಿ ಚಿತ್ರದ ತುಂಡು. ಮೂಲದಲ್ಲಿ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಅಷ್ಟು ಭಾಗವನ್ನು ಯಾರೋ ಕತ್ತರಿಸಿದ್ದರು.

ಆಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂದು ಮಿತಿ ಹಾಕಿತು. 2020ರಿಂದ, ತುಂಬ ಸುತ್ತಿದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಅದಕ್ಕೆ ಎರಡು ಬಾಣದ ಗುರುತೂ ಇರುತ್ತದೆ. ಆದರೆ ಅದನ್ನೇ ಯಾರಾದರೂ ಹೊಸದಾಗಿ ಟೈಪ್ ಮಾಡಿ ಹಾಕಿದರೆ ಗುರುತೂ ಇಲ್ಲ, ಮಿತಿಯೂ ಇಲ್ಲ.

ಹಾಗಾಗಿ ಆ್ಯಪ್ ಹುಡುಕಬೇಡಿ. ಕೆನ್ಯಾದ ತಾನಾ ನದಿಯ ಮುಖಜ ಪ್ರದೇಶದ ಕೆಲಸ ನೋಡಿ. ಅಲ್ಲಿ ಬೇಸಾಯದ ಪೊಕೊಮೊ ಮತ್ತು ದನಗಾಹಿ ಓರ್ಮಾ ಜನರ ನಡುವೆ 2012–13ರಲ್ಲಿ ಹೊಡೆದಾಟವಾಗಿ 100ಕ್ಕೂ ಹೆಚ್ಚು ಮಂದಿ ಸತ್ತರು. ಗಾಳಿಮಾತು ಅದಕ್ಕೆ ತುಪ್ಪ ಸುರಿದಿತ್ತು. ಆಮೇಲೆ ‘ಉನಾ ಹಕಿಕಾ’ ಎಂಬ ಯೋಜನೆ ಶುರುವಾಯಿತು. ಸ್ವಾಹಿಲಿಯಲ್ಲಿ ‘ನಿನಗೆ ಖಾತ್ರಿ ಇದೆಯಾ?’ ಎಂದರ್ಥ. (ನಮ್ಮ ‘ಹಕೀಕತ್ತು’ ಇದರ ನೆಂಟ.) ಕೇಳಿದ ಸುದ್ದಿಯನ್ನು ಜನ ಸಾದಾ ಎಸ್ಸೆಮ್ಮೆಸ್‌ನಲ್ಲಿ ಕಳಿಸುತ್ತಿದ್ದರು. ಊರಿನ ಸ್ವಯಂಸೇವಕರು ವಿಚಾರಿಸುತ್ತಿದ್ದರು. ಗೊತ್ತಾದದ್ದು ಮತ್ತೆ ಅದೇ ಫೋನ್‌ಗಳಿಗೆ ಹೋಗುತ್ತಿತ್ತು. ರಾಯಚೂರಿಗೆ ಅಂಟಿಕೊಂಡ, ತೆಲಂಗಾಣದ ಗದ್ವಾಲ್‌ನಲ್ಲೂ 2018ರಲ್ಲಿ ಎಸ್‌ಪಿ ಆಗಿದ್ದ ರೆಮಾ ರಾಜೇಶ್ವರಿ ತಮ್ಮ ಪೊಲೀಸರನ್ನು ಹಳ್ಳಿಗಳ ಗ್ರೂಪುಗಳಿಗೆ ಸೇರಿಸಿದರು. ಗಾಳಿಮಾತು ನಂಬಬೇಡಿ ಎಂದು ಹಾಡಲು ಹಾಡುಗಾರರನ್ನೂ ಊರಿಗೆ ಕಳಿಸಿದರು.

ಮುಂದಿನ ಸಲ ಗ್ರೂಪನ್ನು ಸ್ವಲ್ಪ ಹೊತ್ತು ‘ಅಡ್ಮಿನ್ ಮಾತ್ರ’ ಮಾಡಿ. ‘ಸುಳ್ಳು’ ಎಂದು ಅವಸರದಲ್ಲಿ ಬರೆಯಬೇಡಿ. ನಾಳೆ ಅದರಲ್ಲಿ ಕಾಲು ಭಾಗ ನಿಜವಾದರೂ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ‘ವಿಚಾರಿಸ್ತಿದ್ದೇವೆ’ ಎಂದರೆ ಸಾಕು. ಸ್ಕ್ರೀನ್‌ಶಾಟನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಹಳೇ ವಿಡಿಯೋ ಆಗಿದ್ದರೆ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಮೆಸೇಜಿನಲ್ಲಿರುವ ಊರಿಗೂ ನಿಮ್ಮ ಬೀಟ್ ಪೊಲೀಸರಿಗೂ ಫೋನ್ ಮಾಡಿ. ಗೊತ್ತಾದದ್ದನ್ನು ಸ್ವಂತ ದನಿಯಲ್ಲಿ ಹೇಳಿ, ಉದ್ದದ ಬರಹ ಯಾರು ಓದುತ್ತಾರೆ! ನಿಮ್ಮ ಕಡೆ ಕನ್ನಡದ ಜೊತೆ ದಖನಿ, ಮರಾಠಿಯೂ ಬೇಕಾಗಬಹುದು. ಆ ವಾಯ್ಸ್ ಮೆಸೇಜಿನಲ್ಲಿ ಬೇರೆ ಬೇರೆ ಸಮುದಾಯದ ಹಿರಿಯರು ಒಟ್ಟಿಗೆ ಮಾತಾಡಿದರೆ ಇನ್ನೂ ಒಳ್ಳೆಯದು.

ಕೇಸಿನ ವಿಚಾರ: ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನೀವೇ ಹಂಚಿದರೆ ಆ ಮಾತು ಕಾಪಾಡುವುದಿಲ್ಲ.

ಜನ ಆಗಲೇ ಸೇರುತ್ತಿದ್ದರೆ ಗ್ರೂಪಿನಲ್ಲಿ ವಾದ ಮಾಡುತ್ತಾ ಕೂರಬೇಡಿ. ಮೊದಲು 112ಕ್ಕೆ ಫೋನ್ ಮಾಡಿ.