ಸಂಪಾದಕರ ಉತ್ತರ: ಬೂಷ್ಟು ಹಿಡಿದ ಕ್ಯಾಸೆಟ್ಟು, ಭಾವನ ಪಂದ್ಯ

ಕೊಡಗಿನ ಗೋಣಿಕೊಪ್ಪದ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಐನ್‌ಮನೆಯ (ಕೊಡವರ ಕುಟುಂಬದ ಮೂಲಮನೆ) ಅಟ್ಟದ ಟ್ರಂಕಿನಲ್ಲಿ ದೊಡ್ಡಪ್ಪ ಕೂಡಿಟ್ಟಿದ್ದ ಮೂವತ್ತು ಎಲ್‌ಪಿ–ಇಪಿಗಳು (ದೊಡ್ಡ, ಸಣ್ಣ ವಿನೈಲ್ ತಟ್ಟೆಗಳು), ನಿಮಿಷಕ್ಕೆ 78 ಸುತ್ತು ತಿರುಗುವ ಇನ್ನೂ ಹಳೆಯ ಐದಾರು ತಟ್ಟೆಗಳು, ನೂರಕ್ಕೂ ಮಿಕ್ಕಿ ಕ್ಯಾಸೆಟ್ಟುಗಳು ಸಿಕ್ಕಿವೆಯಂತೆ, ಅರ್ಧಕ್ಕರ್ಧ ಬೂಷ್ಟು. ಅದರಲ್ಲಿರುವ ಹಳೆಯ ಕನ್ನಡ ಚಿತ್ರವೊಂದರ ಹಾಡು ಕ್ಯಾಸೆಟ್ಟಿನಲ್ಲಿ 5 ನಿಮಿಷ, ಇಪಿಯಲ್ಲಿ 4 ನಿಮಿಷ 10 ಸೆಕೆಂಡ್, ಡಿವಿಡಿಯಲ್ಲಿ 4 ನಿಮಿಷ 48 ಸೆಕೆಂಡ್. ಇಪಿ ಮತ್ತು ಕ್ಯಾಸೆಟ್ಟಿನ ಶ್ರುತಿ ಒಂದೇ, ಡಿವಿಡಿಯದು ತುಸು ಮೇಲೆ. ‘ಸಿನಿಮಾಕ್ಕೆ ಬೇರೆಯೇ ಹಾಡಿಸಿದ್ದಾರೆ’ ಎಂದು ಅವರ ಭಾವ. ‘ನಮ್ಮ ಪ್ಲೇಯರ್ ನಿಧಾನ ಓಡುತ್ತಿದೆ’ ಎಂದು ಇವರು. ಪಂದ್ಯ ಒಂದು ಬುಟ್ಟಿ ಕಿತ್ತಳೆ. ಕೊನೆಯಲ್ಲೊಂದು ಪ್ರಶ್ನೆ: ಹಾಡು ಬಿಟ್ಟು ಬರೀ ಹಿನ್ನೆಲೆ ಸಂಗೀತವನ್ನು ಸಂಗ್ರಹಿಸುವುದು ಹೇಗೆ? ಅದರ ಮೇಲೆ ವಾದ ಮಾಡುವುದಾದರೆ ಆಧಾರ ಏನು?

ಮೊದಲು ಪಂದ್ಯ ಮುಗಿಸೋಣ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ. 300 ಸೆಕೆಂಡನ್ನು 288ರಿಂದ ಭಾಗಿಸಿ: 1.0417. ಇನ್ನು 25ನ್ನು 24ರಿಂದ ಭಾಗಿಸಿ ನೋಡಿ: ಅದೇ 1.0417. ಸಿನಿಮಾ ರೀಲು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಾದ ಪಾಲ್‌ನಲ್ಲಿ ಸೆಕೆಂಡಿಗೆ 25. ಚಿತ್ರವನ್ನು ಟಿ.ವಿ.ಗೆ ಇಳಿಸುವಾಗ ಒಂದು ಚೌಕಟ್ಟಿಗೆ ಒಂದು ಎಂದು ನೇರವಾಗಿ ಹೊಂದಿಸಿದರೆ ಇಡೀ ಚಿತ್ರ ಶೇ. 4ರಷ್ಟು ವೇಗವಾಗಿ ಓಡುತ್ತದೆ, ಶ್ರುತಿಯೂ ಅದರ ಜತೆಗೇ ಏರುತ್ತದೆ. ಏರುವುದು ಎಷ್ಟು ಎಂದರೆ ಹಾರ್ಮೋನಿಯಂನ ಬಿಳಿ ಮನೆಗೂ ಅದಕ್ಕೆ ತಾಗಿದ ಕಪ್ಪು ಮನೆಗೂ ಇರುವ ಅಂತರದ ಹತ್ತರಲ್ಲಿ ಏಳು ಪಾಲು. ಕಿವಿಗೆ ಅನುಮಾನ ಹುಟ್ಟಿಸಲು ಅಷ್ಟು ಸಾಕು. ಯಾವ ಮನೆಗೂ ಸರಿಯಾಗಿ ಕೂರದ ಕಾರಣ ಹಾರ್ಮೋನಿಯಂ ಹಿಡಿದು ಕೂತವರು ತಲೆ ಕೆಡಿಸಿಕೊಳ್ಳುತ್ತಾರೆ.

ಅಂದರೆ ನಿಮ್ಮ ಪ್ಲೇಯರ್ ನಿಧಾನವಲ್ಲ. ಇಪಿ ಓಡಿಸಿದ ಯಂತ್ರ ಬೇರೆ, ಕ್ಯಾಸೆಟ್ ಓಡಿಸಿದ್ದು ಬೇರೆ. ಎರಡೂ ಒಂದೇ ಅಳತೆಗೆ ಕೆಟ್ಟಿರುವುದು ತೀರಾ ಅಪರೂಪ. ಡಿವಿಡಿ ಕವರಿನ ಹಿಂದೆ ಎನ್‌ಟಿಎಸ್‌ಸಿ (ಅಮೆರಿಕದ ಹಳೆಯ ಟಿ.ವಿ. ಪದ್ಧತಿ) ಎಂದು ಬರೆದಿದ್ದರೂ ಮೋಸಹೋಗಬೇಡಿ. ಆ ಪದ್ಧತಿಯಲ್ಲಿ ಶ್ರುತಿ ಏರಬಾರದು, ನಿಜ. ಆದರೆ ಪಾಲ್ ಮೂಲಪ್ರತಿಯಿಂದಲೇ ಇಳಿಸಿದ ಎನ್‌ಟಿಎಸ್‌ಸಿ ಡಿಸ್ಕುಗಳೂ ಇವೆ. ಕವರನ್ನು ಬಿಟ್ಟು ಲೆಕ್ಕವನ್ನು ನಂಬಿ.

ಇಪಿಯ ಕಥೆ ಬೇರೆ. ಶ್ರುತಿ ಒಂದೇ, ಉದ್ದ ಮಾತ್ರ 50 ಸೆಕೆಂಡ್ ಕಡಿಮೆ. ಇದು ಕತ್ತರಿ ಕೆಲಸ. ಏಳಿಂಚಿನ ತಟ್ಟೆಯ ಮುಖದಲ್ಲಿ ಜಾಗ ಸಾಲದೆ ಒಂದು ಚರಣವನ್ನೋ ಚರಣಗಳ ನಡುವೆ ಬರೀ ವಾದ್ಯ ನುಡಿಯುವ ಎರಡನೇ ಇಂಟರ್‌ಲೂಡನ್ನೋ ತೆಗೆದಿರುತ್ತಾರೆ. ಎಲ್ಲಿ ತೆಗೆದಿದ್ದಾರೆ ಎಂದು ಹುಡುಕಿ; ಜೋಡಣೆಯ ಜಾಗದಲ್ಲಿ ತಂಬೂರಿಯೋ ಸಿಂಬಲ್ಲಿನ ಗುಂಗೋ ಥಟ್ಟನೆ ಕಡಿದಿರುತ್ತದೆ.

ಭಾವನವರ ವಾದವನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ತಟ್ಟೆಗೆ ಒಂದು, ಚಿತ್ರಕ್ಕೆ ಒಂದು ಎಂದು ಬೇರೆ ಬೇರೆ ಧ್ವನಿಮುದ್ರಣ ಮಾಡಿದ ಉದಾಹರಣೆಗಳು ಪ್ರಪಂಚದಲ್ಲೆಲ್ಲ ಇವೆ. ಹಾಲಿವುಡ್ಡಿನ ಸಂಗೀತ ನಿರ್ದೇಶಕ ಹೆನ್ರಿ ಮ್ಯಾನ್ಸಿನಿ 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರದ ಸಂಗೀತವನ್ನು ಎಲ್‌ಪಿಗಾಗಿ ಮತ್ತೆ ನುಡಿಸಿಯೇ ಹೊರತಂದದ್ದು. ಪರೀಕ್ಷೆ ಹೀಗೆ ಮಾಡಿ. ಡಿವಿಡಿಯ ಹಾಡನ್ನೂ ಕ್ಯಾಸೆಟ್ಟಿನ ಹಾಡನ್ನೂ ಕಂಪ್ಯೂಟರಿಗೆ ತುಂಬಿಕೊಳ್ಳಿ. ಆಡಾಸಿಟಿ ಎಂಬ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ. ಡಿವಿಡಿಯ ತುಣುಕನ್ನು ಶೇ. 4 ನಿಧಾನ ಮಾಡಿ. ವೇಗ–ಶ್ರುತಿ ಎರಡೂ ಒಟ್ಟಿಗೆ ಇಳಿಯುವ ಆಯ್ಕೆಯನ್ನೇ ಬಳಸಿ. ಬರೀ ಟೆಂಪೊ ಬದಲಿಸಿದರೆ ಶ್ರುತಿ ಇದ್ದಲ್ಲೇ ಇರುತ್ತದೆ. ಒಂದನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಹಾಕಿ, ಪಲ್ಲವಿಯ ಮೊದಲ ಅಕ್ಷರಕ್ಕೆ ಸರಿಯಾಗಿ ಕೂರಿಸಿ. ಆಮೇಲೆ ಮಾತನ್ನು ಕೇಳಬೇಡಿ, ಗಾಯಕರು ಉಸಿರು ಎಳೆದುಕೊಳ್ಳುವ ಜಾಗ ಕೇಳಿ, ತಬಲಾದ ಬಿಡಿ ಪೆಟ್ಟುಗಳನ್ನು ಕೇಳಿ. ಒಂದೇ ಗಾಯಕರು, ಅದೇ ಸ್ಟುಡಿಯೊದಲ್ಲಿ, ಅದೇ ದಿನ ಎರಡು ಸಲ ಹಾಡಿದರೂ ಉಸಿರು ಒಂದೇ ಜಾಗಕ್ಕೆ ಬೀಳುವುದಿಲ್ಲ. ಟೇಪು ಸ್ವಲ್ಪ ಎಳೆದಾಡುವುದರಿಂದ ಅರ್ಧ ನಿಮಿಷಕ್ಕೊಮ್ಮೆ ಜಾರಿ ಪ್ರತಿಧ್ವನಿಯಂತೆ ಕೇಳಿಸಬಹುದು. ಅದು ಬೇರೆ ಟೇಕ್ ಅಲ್ಲ, ಮತ್ತೆ ಹೊಂದಿಸಿಕೊಂಡು ಮುಂದುವರಿಯಿರಿ.

ಟರ್ನ್‌ಟೇಬಲ್ಲಿನ ವೇಗವನ್ನೂ ಒಮ್ಮೆ ನೋಡಿಬಿಡಿ. ರಬ್ಬರ್ ಬೆಲ್ಟು ಸಡಿಲಾದರೆ ಶೇ. 1–2 ಇಳಿಯುವುದು ಸಾಮಾನ್ಯ. 180 ಗೆರೆಯ ಸ್ಟ್ರೋಬ್ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟರೆ, 50 ಹರ್ಟ್ಸ್ ವಿದ್ಯುತ್ತಿನ ದೀಪದ ಕೆಳಗೆ 33⅓ರ ವೇಗದಲ್ಲಿ ಗೆರೆಗಳು ನಿಂತಂತೆ ಕಾಣಬೇಕು. ಹಳೆಯ ತಂತಿ ಬಲ್ಬೇ ಬೇಕು. ಬಹಳಷ್ಟು ಎಲ್‌ಇಡಿ ದೀಪಗಳಲ್ಲಿ ಆ ಮಿಣುಕು ಇರುವುದಿಲ್ಲ, ಗೆರೆ ಬರೀ ಮಸುಕಾಗಿ ಕಾಣುತ್ತದೆ. ಜನರೇಟರ್ ಓಡುತ್ತಿರುವಾಗ ಈ ಪರೀಕ್ಷೆ ಬೇಡ.

ಈಗ ಬೂಷ್ಟು. ನಮ್ಮ ಜಿಲ್ಲೆಯಲ್ಲಿ ಸಂಗ್ರಹಕಾರನ ನಿಜವಾದ ವೈರಿ ಇದು, ಬೆಲೆಯಲ್ಲ. ಗಾಳಿಯ ತೇವಾಂಶ ಶೇ. 65–70 ದಾಟಿ ದಿನಗಟ್ಟಲೆ ನಿಂತರೆ ಕವರಿನ ಕಾಗದ, ಅಂಟು, ಬೆರಳಿನ ಎಣ್ಣೆ ಎಲ್ಲವೂ ಅದಕ್ಕೆ ಊಟ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ಕಾಲ) ಇಲ್ಲಿನ ಮನೆಗಳ ಒಳಗೂ ಅದು 90 ಮುಟ್ಟುವುದು ಹೊಸತೇನಲ್ಲ. ಅಟ್ಟ ಬೆಚ್ಚಗಿರುತ್ತದೆ ಎಂದು ದೊಡ್ಡಪ್ಪ ಅಲ್ಲಿಟ್ಟದ್ದು ತಪ್ಪೆನ್ನಲಾರೆವು. ಆದರೆ ಒಲೆಯ ಹೊಗೆಯ ಎಣ್ಣೆಜಿಡ್ಡು ಗೆರೆಗಳಲ್ಲಿ ಕೂತರೆ ಬೂಷ್ಟಿಗಿಂತ ಹಟಮಾರಿ.

ಮಾಡಬಾರದ್ದು ಮೊದಲು: ಬಿಸಿಲು ಕಂಡಿತೆಂದು ಕಾಫಿ ಕಣದಲ್ಲಿ ಹರಡಬೇಡಿ. ವಿನೈಲ್ ತಟ್ಟೆ ಕಪ್ಪು. ಸಿಮೆಂಟು ಕಣದ ಕಾವಿಗೆ ಸ್ವಲ್ಪ ಹೊತ್ತಿನಲ್ಲೇ ಹಪ್ಪಳದಂತೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ‘ಒಮ್ಮೆ ಹಾಕಿ ನೋಡೋಣ’ ಎಂದು ಪ್ಲೇಯರಿಗೆ ತುರುಕಬೇಡಿ. ಟೇಪನ್ನು ಓದುವ ಹೆಡ್ಡಿಗೂ ಅದನ್ನು ಎಳೆಯುವ ರೋಲರಿಗೂ ಅಂಟಿಕೊಂಡು ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ.

ಎಲ್‌ಪಿ, ಇಪಿ ತೊಳೆಯಲು: ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, 150–200 ಮಿ.ಲೀ. ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡೇ ಎರಡು ತೊಟ್ಟು ಪಾತ್ರೆ ತೊಳೆಯುವ ದ್ರವ. ಬಾವಿ ನೀರಾಗಲಿ ನಲ್ಲಿ ನೀರಾಗಲಿ ಒಣಗಿದ ಮೇಲೆ ಲವಣ ಬಿಡುತ್ತದೆ, ಅದೇ ಚಟಪಟ ಸದ್ದು. ಬಾಗಿಲು ತೆರೆದ ಜಾಗದಲ್ಲಿ, ಮುಖಕ್ಕೆ ಎನ್95 ಮಾಸ್ಕ್ ಹಾಕಿಕೊಂಡು, ಮೊದಲು ಒಣ ಬ್ರಷ್ಷಿನಿಂದ ಪುಡಿ ತೆಗೆಯಿರಿ. ಆಮೇಲೆ ಮೈಕ್ರೊಫೈಬರ್ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಸುತ್ತು ಒರೆಸಿ. ಅಡ್ಡಕ್ಕೆ ಎಳೆದರೆ ಕೊಳೆ ಗೆರೆಯೊಳಗೆ ತುಂಬಿಕೊಳ್ಳುತ್ತದೆ. ಬರೀ ಡಿಸ್ಟಿಲ್ಡ್ ನೀರಿನಿಂದ ಎರಡನೇ ಸಲ ತೊಳೆಯುವುದನ್ನು ಬಿಡಬೇಡಿ, ಸೋಪು ಉಳಿದರೆ ಮುಳ್ಳಿನ ತುದಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಹಳೆಯ ಒಳಕಾಗದವನ್ನು ಎಸೆಯಿರಿ. ಅದರಲ್ಲಿ ಬೀಜ ಉಳಿದೇ ಇರುತ್ತದೆ. ಹೊರಗಿನ ಕವರ್ ಮಾತ್ರ ಎಸೆಯುವ ವಸ್ತುವಲ್ಲ. ದಪ್ಪ ಪಿವಿಸಿ ಹೊದಿಕೆ ಬೇಡ, ವರ್ಷಗಟ್ಟಲೆ ತಾಗಿಕೊಂಡಿದ್ದರೆ ತಟ್ಟೆಯ ಮೇಲೆ ಮಂಜು ಕವಿದಂಥ ಕಲೆ ಬಿಡುತ್ತದೆ.

78ರ ತಟ್ಟೆಗಳಿಗೆ ಈ ಮಿಶ್ರಣ ತಾಗಿಸಲೇಬೇಡಿ. ಅವು ಅರಗಿನವು, ಆಲ್ಕೋಹಾಲಿಗೆ ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರು, ಒಂದು ತೊಟ್ಟು ಸೋಪು, ಬೇಗ ಒರೆಸಿ ಬೇಗ ಒಣಗಿಸಿ, ನೆನೆಸಬೇಡಿ. ಎಲ್‌ಪಿಯ ಮುಳ್ಳಿನಿಂದ ಅವನ್ನು ನುಡಿಸಬಾರದು. ಅಗಲ ಗೆರೆಗೆ ಸುಮಾರು 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ತುದಿಯ ಮುಳ್ಳು ಬೇಕು. ಸಣ್ಣದು ಗೆರೆಯ ತಳಕ್ಕಿಳಿದು ಬರೀ ಕರಕರ ಎನ್ನುತ್ತದೆ.

ಕ್ಯಾಸೆಟ್ಟಿಗೆ ತಾಳ್ಮೆ ಬೇಕು. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಗೆ ಟಾರ್ಚ್ ಹಿಡಿದು ಟೇಪಿನ ಸುರುಳಿಯ ಅಂಚು ನೋಡಿ, ಬಿಳಿ ಎಳೆ ಕಂಡರೆ ಪ್ರತ್ಯೇಕಿಸಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ನಾಲ್ಕು ದಿನ ಇಡಿ. ಐದು ಸ್ಕ್ರೂ ಇರುವ ಚಿಪ್ಪಾದರೆ ಬಿಚ್ಚಬಹುದು: ಮೇಜಿನ ಮೇಲೆ ಮಲಗಿಸಿಯೇ ತೆರೆಯಿರಿ, ಎತ್ತಿ ತೆರೆದರೆ ಸುರುಳಿ ಜಾರಿ ನೂಲಿನ ಉಂಡೆಯಾಗುತ್ತದೆ. ಮೆತ್ತೆ ಕಿತ್ತುಬಂದಿದೆಯೇ ನೋಡಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಆ ಕಿರುಬೆರಳ ಉಗುರಿನಷ್ಟರ ತುಂಡು ಇಲ್ಲದಿದ್ದರೆ ಧ್ವನಿ ಹೂತುಹೋಗುತ್ತದೆ, ಜನ ಟೇಪೇ ಹಾಳಾಗಿದೆ ಎಂದುಕೊಳ್ಳುತ್ತಾರೆ. ಸುರುಳಿಯನ್ನು ಒಳ್ಳೆಯ ಖಾಲಿ ಚಿಪ್ಪಿಗೆ ಬದಲಿಸಿ, ನುಡಿಸಲು ಬಳಸದ ಹಳೆಯ ಪ್ಲೇಯರಿನಲ್ಲಿ ಮೆತ್ತನೆಯ ಬಟ್ಟೆಯ ನಡುವೆ ಹಾಯಿಸುತ್ತ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ. ವೆಲ್ಡ್ ಮಾಡಿದ ಚಿಪ್ಪುಗಳನ್ನು ಅಂಚಿನಲ್ಲಿ ಬ್ಲೇಡಿನಿಂದ ಸೀಳಬೇಕು. ಮೊದಲ ಪ್ರಯೋಗ ಬೆಲೆಯಿಲ್ಲದ ಕ್ಯಾಸೆಟ್ಟಿನ ಮೇಲಿರಲಿ.

ಇಷ್ಟಾದ ಮೇಲೂ ಮಂಕಾಗಿ ಕೇಳಿದರೆ ಹೆಡ್ಡಿನ ಓರೆ ಸರಿಯಿಲ್ಲ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ, ಚೂಪು ಸದ್ದು ಅತಿ ಸ್ಪಷ್ಟವಾದಲ್ಲಿ ನಿಲ್ಲಿಸಿ. ನಿಮ್ಮ ಟ್ರಂಕಿನಲ್ಲಿ ಬಾಳೊಪಾಟಿನ (ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಹಾಡು) ಕ್ಯಾಸೆಟ್ ಇದ್ದರೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ: ದುಡಿಯ ಪೆಟ್ಟಿಗೆ ಕೋಲಿನ ‘ಟಣ್’ ಇರಬೇಕು, ‘ಡಬ್’ ಅಲ್ಲ. ಪ್ರತಿ ಕ್ಯಾಸೆಟ್ಟಿಗೂ ಓರೆ ಬೇರೆ ಇರುತ್ತದೆ. ಕವರಿನ ಮೇಲೆ ಡಾಲ್ಬಿ ಎಂದು ಇಲ್ಲದಿದ್ದರೆ ಪ್ಲೇಯರಿನಲ್ಲಿ ಆ ಹೆಸರಿನ, ಟೇಪಿನ ಸುಯ್ ಸದ್ದು ತಗ್ಗಿಸುವ ಗುಂಡಿ ಒತ್ತಬೇಡಿ.

ಕಂಪ್ಯೂಟರಿಗೆ ತುಂಬುವಾಗ 24 ಬಿಟ್, 96 ಕಿಲೊಹರ್ಟ್ಸ್, ಅತಿ ಜೋರಿನ ಜಾಗ –6 ಡೆಸಿಬೆಲ್ ದಾಟದಿರಲಿ, ಧ್ವನಿಯ ಗುಣ ಕಳೆಯದ ಫ್ಲಾಕ್ ಕಡತವಾಗಿ ಉಳಿಸಿ. ಗುಂಯ್ ಸದ್ದು, ಚಟಪಟ ತೆಗೆದ ಪ್ರತಿ ಬೇಕಿದ್ದರೆ ಬೇರೆ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ.

ಕಪಾಟಿನ ಮಾತು. ಹೊರಗೋಡೆಗೆ ತಾಗದಂತೆ, ತಟ್ಟೆಗಳನ್ನು ನಿಲ್ಲಿಸಿ ಇಡಿ. ತಳದಲ್ಲಿ 15 ವಾಟ್ ತಂತಿ ಬಲ್ಬು, ತಟ್ಟೆಯಿಂದ ಒಂದು ಅಡಿ ದೂರ. ಕರೆಂಟು ಹೋಗುವುದೂ ಬೂಷ್ಟು ಬರುವುದೂ ಒಂದೇ ವಾರದಲ್ಲಾದ್ದರಿಂದ ಬಲ್ಬನ್ನೇ ನೆಚ್ಚಿಕೊಳ್ಳದೆ ಸಿಲಿಕಾ ಜೆಲ್ಲೂ ಇರಲಿ. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ತರುವಂಥದ್ದಲ್ಲ. ಬಣ್ಣ ಬದಲಾದಾಗ 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಕಪಾಟಿನೊಳಗೊಂದು ತೇವಾಂಶಮಾಪಕ ಇಟ್ಟು 50ರ ಆಸುಪಾಸು ಕಾಯ್ದುಕೊಳ್ಳಿ.

ಕೊನೆಯ ಪ್ರಶ್ನೆ ನಮಗೆ ಹೆಚ್ಚು ಇಷ್ಟವಾದದ್ದು. ನಮ್ಮ ಚಿತ್ರರಂಗದ ಬಾಯಲ್ಲಿ ಹಿನ್ನೆಲೆ ಸಂಗೀತಕ್ಕೆ ‘ರೀರೆಕಾರ್ಡಿಂಗ್’ ಎನ್ನುತ್ತಾರೆ. ಟೈಟಲ್ ಕಾರ್ಡಿನಲ್ಲಿ ಆ ಪದದ ಕೆಳಗಿರುವ ಹೆಸರು ಎಷ್ಟೋ ಸಲ ಧ್ವನಿ ಬೆರೆಸಿದ ಎಂಜಿನಿಯರರದು, ಸಂಗೀತ ಕಟ್ಟಿದವರದಲ್ಲ. ಇದರಿಂದ ಹುಟ್ಟಿದ ತಪ್ಪು ಪಟ್ಟಿಗಳು ಬಹಳ. ಹಾಡಿನವರೂ ಹಿನ್ನೆಲೆಯವರೂ ಬೇರೆಯಾಗಿರುವುದೂ ಉಂಟು. 1998ರ ‘ಸತ್ಯ’ದಲ್ಲಿ ಹಾಡು ವಿಶಾಲ್ ಭಾರದ್ವಾಜ್, ಹಿನ್ನೆಲೆ ಸಂದೀಪ್ ಚೌಟ. ರಾಷ್ಟ್ರಪ್ರಶಸ್ತಿಯವರು ಹಿನ್ನೆಲೆಗೆ ಪ್ರತ್ಯೇಕ ವಿಭಾಗವನ್ನು ಕಾಯಂ ಮಾಡಿದ್ದು 2009ರ ಚಿತ್ರಗಳಿಂದ. ಆ ವರ್ಷ ಅದು ಇಳಯರಾಜ ಅವರಿಗೆ ಬಂದದ್ದು ನಮ್ಮ ಪಕ್ಕದ ವಯನಾಡಿನ ಪಳಶ್ಶಿರಾಜನ ಚಿತ್ರಕ್ಕೆ.

ಹಿನ್ನೆಲೆ ತಟ್ಟೆಯಾಗಿ ಬರುವುದು ಅಪರೂಪ, ಆದ್ದರಿಂದ ಚಿತ್ರದಿಂದಲೇ ಎತ್ತಬೇಕು. 5.1 ಧ್ವನಿಯ (ಆರು ಬೇರೆ ಬೇರೆ ಚಾನೆಲ್ಲುಗಳ) ಡಿಸ್ಕಾದರೆ ಮಾತು ಹೆಚ್ಚಾಗಿ ನಡುವಿನ ಚಾನೆಲ್ಲಿನಲ್ಲಿರುತ್ತದೆ. ಅದನ್ನು ಮುಚ್ಚಿದರೆ ಸಂಗೀತ, ಮಳೆ, ಜೀಪು ಉಳಿಯುತ್ತವೆ. ಮೊನೊ ಕಾಲದ ಚಿತ್ರಗಳಲ್ಲಿ ಈ ಉಪಾಯ ನಡೆಯದು. ಧ್ವನಿ ಬೇರ್ಪಡಿಸುವ ಹೊಸ ತಂತ್ರಾಂಶಗಳು ಪಿಟೀಲಿನ ಬಾಲವನ್ನು ಮಾತಿನ ಜತೆ ಕತ್ತರಿಸಿಬಿಡುತ್ತವೆ. ಕೇಳಲು ಪರವಾಗಿಲ್ಲ, ವಾದಕ್ಕೆ ಸಾಕ್ಷಿಯಾಗಿ ಬಳಸಬೇಡಿ.

ಕಿವಿ ಪಳಗಿಸಲು ಮಾತೇ ಇಲ್ಲದ ‘ಪುಷ್ಪಕ ವಿಮಾನ’ದಿಂದ (1987) ಆರಂಭಿಸಿ. ಸಂಗೀತ ಎಲ್. ವೈದ್ಯನಾಥನ್, ‘ಮಾಲ್ಗುಡಿ ಡೇಸ್’ನ ‘ತಾನಾನ’ ಕಟ್ಟಿದವರು. ಅಲ್ಲಿ ಸಂಗೀತ ಎಲ್ಲಿ ಬರುತ್ತದೆ ಎನ್ನುವುದಕ್ಕಿಂತ ಬೀದಿಯ ಸದ್ದಿಗೆ ಎಲ್ಲಿ ಜಾಗ ಬಿಡುತ್ತದೆ ಎಂದು ಗುರುತುಹಾಕಿ. ಆಮೇಲೆ ‘ಘಟಶ್ರಾದ್ಧ’ (1977): ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ತಂದ ಸಂಗೀತ, ಹಾಡಿನ ಆಸರೆಯಿಲ್ಲದೆ ನಿಲ್ಲುವಂಥದ್ದು. ಮನೆಯ ಹತ್ತಿರದ್ದು ಬೇಕೆಂದರೆ ಹಂಸಲೇಖರ ‘ಮುತ್ತಿನ ಹಾರ’ (1990). ಕೊಡವ ಸೈನಿಕನ ಕಥೆಗೆ ಕೊಂಬು–ಕೊಟ್ಟು ವಾದ್ಯಗಳು, ದುಡಿ ಎಷ್ಟು ಬಂದಿವೆ, ಎಲ್ಲಿ ಬರಬೇಕಿತ್ತು ಎಂದು ಭಾವನವರೊಡನೆ ಒಂದು ರಾತ್ರಿ ವಾದ ಮಾಡಬಹುದು. ಪರದೆಯ ಮೇಲೆ ಮಡಿಕೇರಿಯ ಮಂಜು ಕಂಡ ಕೂಡಲೇ ಕೊಳಲು ಊದಿಸುವ ಚಾಳಿಯ ಬಗ್ಗೆ ನಮಗೂ ತಕರಾರಿದೆ.

ವಾದಕ್ಕೆ ಒಂದು ನೋಟ್‌ಬುಕ್ ಸಾಕು. ಒಂದು ಸಾಲು ಹೀಗಿರಲಿ: ‘41 ನಿ. 20 ಸೆ.ಯಿಂದ 42 ನಿ. 05 ಸೆ.; ತೋಟದ ಗೇಟು, ತಾಯಿ ಒಬ್ಬಳೇ; ಪಿಟೀಲು, ಪಲ್ಲವಿಯ ಮೊದಲ ಸಾಲು ಅರ್ಧ ವೇಗದಲ್ಲಿ; ನಾಯಿ ಬೊಗಳಿದಾಗ ನಿಲ್ಲುತ್ತದೆ; ಪಾಲ್ ಡಿವಿಡಿ.’ ಕೊನೆಯ ಎರಡು ಪದ ಬರೆಯದೆ ಹೋದದ್ದೇ ನಿಮ್ಮ ಮನೆಯ ಜಗಳದ ಮೂಲ.

ಪ್ರತಿಗಳನ್ನು ನೆಟ್ಟಿಗೆ ಏರಿಸುವ ಮುಂಚೆ ನೆನಪಿಡಿ: ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಸಾಹಿತ್ಯ, ಸಂಗೀತದ ಹಕ್ಕು ಅವರವರು ತೀರಿಕೊಂಡ ಮೇಲೂ 60 ವರ್ಷ.

ಭಾವನವರು ಇನ್ನೂ ಒಪ್ಪದಿದ್ದರೆ ಇಪಿಯನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿಯಿರಿ. ಲೇಬಲ್ಲಿಗೂ ಕೊನೆಯ ಗೆರೆಗೂ ನಡುವಿನ ನುಣುಪು ಪಟ್ಟಿಯಲ್ಲಿ ಆ ಮುದ್ರಣದ ಗುರುತಿನ ಸಂಖ್ಯೆ ಇರುತ್ತದೆ. ಅದನ್ನೂ ಲೇಬಲ್ಲಿನ ಸಂಖ್ಯೆಯನ್ನೂ ಅಡ್ಡ ಬೆಳಕಿನಲ್ಲಿ ಫೋಟೊ ತೆಗೆದು ಕಳುಹಿಸಿ. ಅದೇ ಹಾಡಿನ ಎಲ್‌ಪಿ ಇಟ್ಟುಕೊಂಡ ಓದುಗರು ಯಾರಾದರೂ ಇದ್ದರೆ ಅವರೂ ಕಳುಹಿಸಲಿ, ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇವೆ. ಅಲ್ಲಿಯವರೆಗೆ ಕಿತ್ತಳೆ ಮರದಲ್ಲೇ ಇರಲಿ.