ಗ್ರಾಮರ್‌ಗೆ ಪೂರ್ತಿ ಅಂಕ, ಪ್ಯಾಸೇಜ್‌ಗೆ ಅರ್ಧ: ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲವೂ ಅದೇ ಪ್ರಶ್ನೆ ಬಂದಿದೆ. ಕೇಳುವವರು ಬೇರೆ, ಮಾತು ಬೇರೆ, ಒಳಗಿನ ಸಂಕಟ ಒಂದೇ. ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾ, ಉತ್ತರ ಪತ್ರಿಕೆ ತಿದ್ದುತ್ತಾ ನನಗೆ ಇಪ್ಪತ್ತಾರು ವರ್ಷ ಆಯಿತು. ಇದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟೂ ಕೊಟ್ಟೂ ಬೇಸರ ಬಂದಿದೆ, ಏಕೆಂದರೆ ಅದರಿಂದ ಯಾವ ಮಗುವಿಗೂ ಉಪಯೋಗ ಆದದ್ದನ್ನು ನಾನು ಕಂಡಿಲ್ಲ. ಹಾಗಾಗಿ ಇವತ್ತು ಇದಕ್ಕೇ ಜಾಗ ಜಾಸ್ತಿ.

ಮಗಳು ಎಂಟನೇ ತರಗತಿ. ಗ್ರಾಮರ್‌ನಲ್ಲಿ ಒಂದಂಕವೂ ಹೋಗುವುದಿಲ್ಲ. ಅನ್‌ಸೀನ್ ಪ್ಯಾಸೇಜ್‌ನಲ್ಲಿ ಮಾತ್ರ ಹತ್ತಕ್ಕೆ ನಾಲ್ಕೋ ಐದೋ. ಮೂರು ಗ್ರಾಮರ್ ಪುಸ್ತಕ ಮುಗಿಸಿದ್ದಾಳೆ. ಇನ್ನು ಯಾವುದು ಕೊಡಿಸಲಿ?

ಯಾವುದೂ ಬೇಡ. ದಯವಿಟ್ಟು ನಾಲ್ಕನೇ ಪುಸ್ತಕ ತರಬೇಡಿ. ಅವಳಿಗೆ ನಿಯಮ ಗೊತ್ತಿದೆ. ಬಿಟ್ಟ ಸ್ಥಳ ತುಂಬುವಾಗ ಆ ನಿಯಮ ಕೆಲಸ ಮಾಡುತ್ತದೆ. ನಾಲ್ಕು ಸಾಲು ಒಟ್ಟಿಗೆ ಓದುವಾಗ ಅದನ್ನು ಬಳಸಬೇಕು ಅಂತ ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಕೊರತೆ ಇರುವುದು ಅಲ್ಲಿ.

ನಾನು ತರಗತಿಯಲ್ಲಿ ಕೊಡುವ ಒಂದು ಪುಟ್ಟ ಪ್ಯಾಸೇಜ್ ಇಲ್ಲಿದೆ, ಬಾವಲಿಗಳ ಬಗ್ಗೆ. “ಮೆನಿ ಪೀಪಲ್ ಬಿಲೀವ್ ದಟ್ ಬ್ಯಾಟ್ಸ್ ಆರ್ ಬ್ಲೈಂಡ್. ಇನ್ ಫ್ಯಾಕ್ಟ್, ಬ್ಯಾಟ್ಸ್ ಕ್ಯಾನ್ ಸೀ. ಹೌಎವರ್, ದೋಸ್ ದಟ್ ಹಂಟ್ ಇನ್ಸೆಕ್ಟ್ಸ್ ಅಟ್ ನೈಟ್ ರಿಲೈ ಮೋರ್ ಆನ್ ದೇರ್ ಇಯರ್ಸ್ ದ್ಯಾನ್ ಆನ್ ದೇರ್ ಐಸ್. ದೇ ಸೆಂಡ್ ಔಟ್ ಕಾಲ್ಸ್ ಅಂಡ್ ಲಿಸನ್ ಫಾರ್ ದಿ ಎಕೋಸ್.” ನಾಲ್ಕೇ ವಾಕ್ಯ. ಕಷ್ಟದ ಪದ ಒಂದೋ ಎರಡೋ.

ಮೊದಲ ಪ್ರಶ್ನೆ: “ಬ್ಯಾಟ್ಸ್ ಆರ್ ಬ್ಲೈಂಡ್. ಟ್ರೂ ಆರ್ ಫಾಲ್ಸ್?” ಪ್ರತಿ ವರ್ಷ ತರಗತಿಯ ಅರ್ಧ ಮಕ್ಕಳು ಟ್ರೂ ಅಂತ ಬರೆಯುತ್ತಾರೆ. ಗ್ರಾಮರ್‌ನಲ್ಲಿ ಜಾಣರಾದವರೂ ಬರೆಯುತ್ತಾರೆ. ಯಾಕೆ? ಆ ಮೂರು ಪದ ಪ್ಯಾಸೇಜ್‌ನಲ್ಲಿ ಅದೇ ಸಾಲಾಗಿ ಕಣ್ಣಿಗೆ ಬಿತ್ತು, ಅಷ್ಟೇ. ಅದರ ಹಿಂದೆ “ಮೆನಿ ಪೀಪಲ್ ಬಿಲೀವ್” ಇದೆ. ಅಂದರೆ ಅದು ಜನರ ನಂಬಿಕೆ, ಬರೆದವರ ಮಾತಲ್ಲ. ಮುಂದಿನ ವಾಕ್ಯದ “ಇನ್ ಫ್ಯಾಕ್ಟ್” ಆ ನಂಬಿಕೆ ತಪ್ಪು ಅಂತ ಹೇಳುತ್ತಿದೆ. ಮಗು ಪದ ಹುಡುಕಿತು, ವಾಕ್ಯ ಓದಲಿಲ್ಲ.

ಎರಡನೇ ಪ್ರಶ್ನೆ: “ದೋಸ್” ಅಂದರೆ ಯಾರು? ತುಂಬಾ ಮಕ್ಕಳು “ಪೀಪಲ್” ಅನ್ನುತ್ತಾರೆ. ರಾತ್ರಿ ಹುಳ ಹಿಡಿಯುವ ಜನರೇ? ಒಂದು ಸಲ ಆ ಪದ ಇಟ್ಟು ಓದಿ ನೋಡಿದ್ದರೆ ತಪ್ಪು ತಾನಾಗಿಯೇ ಗೊತ್ತಾಗುತ್ತಿತ್ತು. ದೋಸ್, ದೇ, ಇಟ್, ದಿಸ್, ಹೂಮ್. ಇವು ಬಂದ ಕೂಡಲೇ “ಯಾರು? ಯಾವುದು?” ಅಂತ ನಿಂತು ಕೇಳುವುದನ್ನು ಅಭ್ಯಾಸ ಮಾಡಿಸಿ. ಕನ್ನಡ ಓದುವಾಗ “ಅವನು”, “ಅದು” ಬಂದರೆ ಮನಸ್ಸು ತಾನೇ ಹಿಂದೆ ಹೋಗಿ ನೋಡುತ್ತದೆ, ಅಲ್ವಾ? ಇಂಗ್ಲಿಷಿನಲ್ಲೂ ಅಷ್ಟು ಸಲೀಸಾಗುವವರೆಗೆ ಪೆನ್ಸಿಲ್ ಹಿಡಿದು ಬಾಣದ ಗುರುತು ಹಾಕಿಸಿ.

ಮೂರನೆಯದು: “ರಿಲೈ ಆನ್” ಅಂದರೇನು? ಡಿಕ್ಷನರಿ ಇಲ್ಲ. ಆದರೆ ಬಾವಲಿ ಕೂಗುತ್ತದೆ, ಪ್ರತಿಧ್ವನಿ ಕೇಳುತ್ತದೆ ಅಂತ ಮುಂದಿನ ವಾಕ್ಯವೇ ಹೇಳುತ್ತಿದೆ. ಕಣ್ಣಿಗಿಂತ ಕಿವಿಯನ್ನು ಜಾಸ್ತಿ ನೆಚ್ಚಿಕೊಂಡಿದೆ. ಅರ್ಥ ಪಕ್ಕದ ಮನೆಯಲ್ಲೇ ಇತ್ತು.

ನಾಲ್ಕನೆಯದು ಎಲ್ಲರಿಗೂ ಹೆದರಿಕೆ ಹುಟ್ಟಿಸುವಂಥದ್ದು: ಬಾವಲಿಯ ಕಿವಿ ಮುಚ್ಚಿಬಿಟ್ಟರೆ ರಾತ್ರಿ ಹುಳ ಹಿಡಿಯುವುದು ಸುಲಭವೋ ಕಷ್ಟವೋ, ಯಾಕೆ? “ಇದು ಪ್ಯಾಸೇಜ್‌ನಲ್ಲಿ ಇಲ್ಲ ಮಿಸ್” ಅಂತ ಮಕ್ಕಳು ಜಗಳಕ್ಕೆ ಬರುತ್ತಾರೆ. ಇದೆ. ಎರಡು ವಾಕ್ಯ ಜೋಡಿಸಿದರೆ ಉತ್ತರ ಇದೆ. ಇಂಥ ಪ್ರಶ್ನೆಗೆ ಇನ್ನೊಂದು ಬಗೆಯ ತಪ್ಪು ಉತ್ತರವೂ ಬರುತ್ತದೆ. ಬಾವಲಿ ಮರದಲ್ಲಿ ತಲೆಕೆಳಗಾಗಿ ನೇತಾಡುತ್ತದೆ ಅಂತ ಮಗು ತನಗೆ ಗೊತ್ತಿದ್ದದ್ದನ್ನೆಲ್ಲ ಬರೆದು ಇಡುತ್ತದೆ. ಎಲ್ಲ ನಿಜವೇ. ಆದರೆ ಕೇಳಿದ್ದು ಅದಲ್ಲ. ಅಂಕ ಇಲ್ಲ.

ನೋಡಿ, ಈ ನಾಲ್ಕರಲ್ಲಿ ಒಂದಕ್ಕೂ ನಾಲ್ಕನೇ ಗ್ರಾಮರ್ ಪುಸ್ತಕದಲ್ಲಿ ಪರಿಹಾರ ಇಲ್ಲ. ಆದರೆ ಮೂರನೇ ಪುಸ್ತಕದಲ್ಲಿ ಕಲಿತ ಗ್ರಾಮರ್ ಪ್ರತಿಯೊಂದಕ್ಕೂ ಬೇಕು. ಆಲ್ದೋ, ಅನ್‌ಲೆಸ್, ಹೌಎವರ್, ದೇರ್‌ಫೋರ್ ಇವನ್ನು ಅವಳು ಬಿಟ್ಟ ಸ್ಥಳದಲ್ಲಿ ಸರಿಯಾಗಿ ತುಂಬುತ್ತಾಳೆ. ಪ್ಯಾಸೇಜ್‌ನಲ್ಲಿ ಎದುರಾದಾಗ ಸುಮ್ನೆ ದಾಟಿಕೊಂಡು ಹೋಗುತ್ತಾಳೆ. ಮಾತು ಯಾವ ಕಡೆ ತಿರುಗಿತು ಅಂತ ತೋರಿಸುವ ಪದಗಳೇ ಅವು. ಪರೀಕ್ಷೆಗೆ ಪ್ರಶ್ನೆ ತೆಗೆಯುವವರು ಮೊದಲು ನೋಡುವುದೂ ಆ ತಿರುವುಗಳನ್ನೇ. ನಾನೂ ಪ್ರಶ್ನೆ ತೆಗೆದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಪ್ಯಾಸೇಜ್ ಮೊದಲೋ ಪ್ರಶ್ನೆ ಮೊದಲೋ ಅನ್ನುವ ಚರ್ಚೆ. ಪ್ರಶ್ನೆ ಮೊದಲು ಓದಿ, ಟೈಮ್ ಉಳಿಯುತ್ತದೆ ಅಂತ ಅನೇಕರು ಹೇಳಿಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಶಾಲೆಯ ಪ್ಯಾಸೇಜ್ ಇನ್ನೂರು, ಮುನ್ನೂರು ಪದ ಇರುತ್ತದೆ. ನಿಮಿಷಕ್ಕೆ ನೂರು ಪದದಂತೆ ನಿಧಾನವಾಗಿ ಓದಿದರೂ ಎರಡು ಮೂರು ನಿಮಿಷ. ಪ್ರಶ್ನೆ ಮೊದಲು ಓದಿದ ಮಗು ಪ್ಯಾಸೇಜ್ ಓದುವುದೇ ಇಲ್ಲ, ಪದದ ಬೇಟೆಗೆ ಇಳಿಯುತ್ತದೆ. ಆ ಬೇಟೆಯಲ್ಲೇ “ಬ್ಯಾಟ್ಸ್ ಆರ್ ಬ್ಲೈಂಡ್” ಟ್ರೂ ಆಗುವುದು. ಪೆನ್ ಕೆಳಗಿಟ್ಟು ಒಂದು ಸಲ ಪೂರ್ತಿ ಓದಲಿ. ಆಮೇಲೆ ಪ್ರಶ್ನೆ. ಆಮೇಲೆ ಮತ್ತೆ ಪ್ಯಾಸೇಜ್. ಯಾವ ಸಾಲಿನಿಂದ ಉತ್ತರ ತೆಗೆದೆ ಅಂತ ಪ್ರತಿ ಸಲ ಬೆರಳಿಟ್ಟು ತೋರಿಸಲಿ. ತೋರಿಸಲು ಆಗದಿದ್ದರೆ ಅದು ಊಹೆ.

ಉತ್ತರ ಬರೆಯುವಾಗ ಎರಡು ಕಡೆ ಅಂಕ ಸುಮ್ಮನೆ ಸೋರಿ ಹೋಗುತ್ತದೆ. ಪ್ಯಾಸೇಜ್‌ನಲ್ಲಿ ಹುಡುಗನೊಬ್ಬ “ಐ ಹ್ಯಾಡ್ ಲಾಸ್ಟ್ ಮೈ ಪೆನ್” ಅನ್ನುತ್ತಾನೆ. “ವೈ ವಾಸ್ ದಿ ಬಾಯ್ ಸ್ಯಾಡ್?” ಅಂತ ಕೇಳಿದರೆ ಮಗು “ಐ ಹ್ಯಾಡ್ ಲಾಸ್ಟ್ ಮೈ ಪೆನ್” ಅಂತ ಹಾಗೇ ಇಳಿಸುತ್ತದೆ. ಪೆನ್ ಕಳೆದುಕೊಂಡದ್ದು ಉತ್ತರ ಬರೆಯುವವಳಲ್ಲ. “ಬಿಕಾಸ್ ಹಿ ಹ್ಯಾಡ್ ಲಾಸ್ಟ್ ಹಿಸ್ ಪೆನ್” ಅಂತ ಆಗಬೇಕು. ಎರಡನೆಯದು, ಪ್ರಶ್ನೆಯಲ್ಲಿ “ಡಿಡ್ ಗೋ” ಇದ್ದರೆ ಉತ್ತರದಲ್ಲಿ “ವೆಂಟ್”. “ಹಿ ಗೋ”, “ಹಿ ಡಿಡ್ ವೆಂಟ್” ಇವೆರಡನ್ನೂ ನಾನು ಕೆಂಪು ಶಾಯಿಯಲ್ಲಿ ಅದೆಷ್ಟು ಸಾವಿರ ಸಲ ಸುತ್ತಿದ್ದೇನೋ. ಅವಳು ಕಲಿತ ಗ್ರಾಮರ್ ಇಲ್ಲಿ ಕೈಹಿಡಿಯಬೇಕು.

ಅಭ್ಯಾಸ ಎಷ್ಟು? ವಾರಕ್ಕೆ ಮೂರು ಪ್ಯಾಸೇಜ್ ಸಾಕು. ದಿನಕ್ಕೆ ಮೂರು ಮಾಡಿಸಿ, ಅಂಕ ಹಾಕಿ, ಪುಟ ಮಗುಚುವುದು ವ್ಯರ್ಥ ಕೆಲಸ. ತಪ್ಪಾದ ಪ್ರತಿ ಉತ್ತರದ ಮುಂದೆ ಯಾಕೆ ತಪ್ಪಾಯಿತು ಅಂತ ಅವಳೇ ಬರೆಯಲಿ: ಪದ ಗೊತ್ತಿರಲಿಲ್ಲ, ತಿರುವು ಗಮನಿಸಲಿಲ್ಲ, ಪ್ರಶ್ನೆ ತಪ್ಪು ಓದಿದೆ, ತಲೆಯಿಂದ ಬರೆದೆ. ಒಂದು ತಿಂಗಳು ಹೀಗೆ ಬರೆದರೆ ಒಂದು ಕಾರಣ ಮತ್ತೆ ಮತ್ತೆ ಬರುವುದು ಕಾಣುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹೆಚ್ಚುಕಡಿಮೆ ಎಲ್ಲ ತಪ್ಪೂ ಒಂದೇ ಜಾಗದಲ್ಲಿತ್ತು. ಪ್ರಶ್ನೆಯಲ್ಲಿರುವ “ನಾಟ್” ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಅದಕ್ಕೆ ಅವಳಿಗೆ ಎರಡು ವರ್ಷ ಟ್ಯೂಷನ್ ಕೊಡಿಸಿದ್ದರು. ಪ್ರಶ್ನೆಯ ಮುಖ್ಯ ಪದದ ಕೆಳಗೆ ಗೆರೆ ಎಳೆಯುವುದನ್ನು ರೂಢಿ ಮಾಡಿಕೊಂಡಳು, ಸರಿಹೋಯಿತು.

ಪ್ಯಾಸೇಜ್ ಯಾವ ಮಟ್ಟದ್ದು ಅನ್ನುವುದನ್ನೂ ನೋಡಿ. ಓದುವವರಿಗೆ ಎಷ್ಟು ಪದ ಗೊತ್ತಿದ್ದರೆ ಅರ್ಥ ದಕ್ಕುತ್ತದೆ ಅಂತ ಪರೀಕ್ಷಿಸಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ನೂರಕ್ಕೆ 80 ಪದ ಮಾತ್ರ ಗೊತ್ತಿದ್ದಾಗ ಒಬ್ಬರಿಗೂ ಕಥೆ ಸರಿಯಾಗಿ ಅರ್ಥವಾಗಿರಲಿಲ್ಲ. ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಓದಲು ಹೆಚ್ಚಿನವರಿಗೆ 98ರಷ್ಟು ಬೇಕು ಅಂತ ಅದರಲ್ಲಿ ಲೆಕ್ಕ ಹಾಕಿದ್ದಾರೆ. ಮನೆಯಲ್ಲೇ ನೋಡಬಹುದು. ನೂರು ಪದ ಎಣಿಸಿ. ಗೊತ್ತಿಲ್ಲದ್ದು ಎರಡು ಮೂರು ಇದ್ದರೆ ಒಳ್ಳೆಯದು. ಹತ್ತು ಇದ್ದರೆ ಆ ಪುಸ್ತಕ ಪಕ್ಕಕ್ಕಿಟ್ಟು ಕೆಳಗಿನ ತರಗತಿಯದ್ದು ತನ್ನಿ. ಇದರಲ್ಲಿ ಅವಮಾನ ಏನೂ ಇಲ್ಲ. ಮೇಲಿನ ತರಗತಿಯ ಪುಸ್ತಕ ಕೊಟ್ಟು ಮಗುವನ್ನು ಅಳಿಸುವುದರಲ್ಲಿ ಹೆಮ್ಮೆ ಪಡುವಂಥದ್ದೂ ಏನಿಲ್ಲ.

ಕೊನೆಯದಾಗಿ, ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. 1988ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟರು. ಓದುವುದರಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡು ಹೇಳಿದರು. ವಿಷಯದ ಪರಿಚಯ ಇದ್ದರೆ ವಾಕ್ಯ ಹಗುರವಾಗುತ್ತದೆ. ಆದ್ದರಿಂದ ಮಗಳು ಪ್ರಾಣಿ, ಯಂತ್ರ, ಇತಿಹಾಸ, ಆಟ, ಏನಾದರೂ ಓದುತ್ತಿರಲಿ. ಕನ್ನಡದಲ್ಲೇ ಓದಲಿ. ಬಾವಲಿಯ ಬಗ್ಗೆ ಕನ್ನಡದಲ್ಲಿ ಓದಿದವಳಿಗೆ ಇಂಗ್ಲಿಷ್ ಪ್ಯಾಸೇಜ್‌ನ “ಎಕೋಸ್” ಅಪರಿಚಿತ ಅನ್ನಿಸುವುದಿಲ್ಲ. ತಲೆಯಿಂದ ಬರೆಯಬೇಡ ಅಂದೆನಲ್ಲ, ಅದು ಉತ್ತರದ ಮಾತು. ಓದಿ ಅರ್ಥ ಮಾಡಿಕೊಳ್ಳಲು ತಲೆಯಲ್ಲಿ ಇರುವುದೆಲ್ಲ ಬೇಕು.

ಇಂಗ್ಲಿಷ್ ಬರಬೇಕಾದರೆ ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಟ್ಯೂಷನ್‌ನವರು ಹೇಳಿದ್ದಾರೆ. ನಿಲ್ಲಿಸಬೇಕೇ?

ಬೇಡ. ಹಾಗೆ ಹೇಳಿದವರ ಹತ್ತಿರ ಮಗುವನ್ನು ಕಳಿಸುವುದನ್ನು ನಿಲ್ಲಿಸಿ.

ಮಗ ಡಿಕ್ಷನರಿಯಿಂದ ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡುತ್ತಾನೆ. ಮುಂದಿನ ವಾರ ಒಂದೂ ನೆನಪಿರುವುದಿಲ್ಲ. ನೆನಪಿನ ಶಕ್ತಿಗೆ ಟಾನಿಕ್ ಕೊಡಬಹುದೇ?

ಪದ ನೆನಪಿಡಿಸುವ ಟಾನಿಕ್ ಇಲ್ಲ. ಮಾರುವವರು ನಿಮ್ಮ ಆತಂಕವನ್ನು ದುಡ್ಡು ಮಾಡಿಕೊಳ್ಳುತ್ತಿದ್ದಾರೆ. ನಿಮ್ಮ ಮಗನ ನೆನಪಿನ ಶಕ್ತಿ ಚೆನ್ನಾಗಿಯೇ ಇದೆ. ಅರ್ಥವಿಲ್ಲದ ಪಟ್ಟಿಯನ್ನು ಯಾರೇ ಉರು ಹೊಡೆದರೂ ಬೇಗ ಮರೆಯುತ್ತಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮರೆವಿನ ದೊಡ್ಡ ಪಾಲು ಮೊದಲ ದಿನವೇ ಆಗಿಬಿಡುತ್ತದೆ.

ಇಪ್ಪತ್ತು ಬಿಡಿ, ಐದು ಸಾಕು. ಅವೂ ಡಿಕ್ಷನರಿಯಿಂದಲ್ಲ, ಅವತ್ತು ಅವನು ಓದಿದ ಪಾಠದಿಂದ. ಪದವನ್ನು ಒಂಟಿಯಾಗಿ ಬರೆಯಬಾರದು, ಅದರ ಜೊತೆಗಾರರ ಸಮೇತ ಬರೆಯಬೇಕು. “ಡಿಸಿಷನ್” ಜೊತೆ “ಮೇಕ್” ಬರುತ್ತದೆ, “ಹೋಮ್‌ವರ್ಕ್” ಜೊತೆ “ಡು”. “ಡಿಸ್ಕಸ್” ಮುಂದೆ “ಅಬೌಟ್” ಬರುವುದಿಲ್ಲ. ಕನ್ನಡದಲ್ಲಿ “ಅದರ ಬಗ್ಗೆ ಚರ್ಚಿಸಿದೆವು” ಅನ್ನುತ್ತೇವಲ್ಲ, ಅದಕ್ಕೇ ನಮ್ಮ ಮಕ್ಕಳು ಅಲ್ಲಿ ಎಡವುತ್ತಾರೆ. ಪಟ್ಟಿಯಲ್ಲಿ “ಸೆಟ್” ಅಂದರೆ “ಇಡು” ಅಂತ ಒಂದೇ ಅರ್ಥ ಇರುತ್ತದೆ. ಸೂರ್ಯ “ಸೆಟ್” ಆಗುವುದು, ಸಿಮೆಂಟ್ “ಸೆಟ್” ಆಗುವುದು, ಪ್ರಶ್ನೆಪತ್ರಿಕೆ “ಸೆಟ್” ಮಾಡುವುದು ಪಟ್ಟಿಯಿಂದ ಬರುವುದಿಲ್ಲ.

ಮತ್ತೆ ಮತ್ತೆ ಓದಿಸಬೇಡಿ. ಅರ್ಥವನ್ನು ಕೈಯಿಂದ ಮುಚ್ಚಿ ಕೇಳಿ. 2006ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪದೇ ಪದೇ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಕೇಳಿ. ತಡವರಿಸಿದರೆ ಗದರಬೇಡಿ. ತಡವರಿಸಿ ನೆನಪು ಮಾಡಿಕೊಳ್ಳುವಾಗಲೇ ಅದು ಗಟ್ಟಿಯಾಗುವುದು.

ನಿಮಿಷಕ್ಕೆ ಸಾವಿರ ಪದ ಓದಿಸುವ ಸ್ಪೀಡ್ ರೀಡಿಂಗ್ ಕೋರ್ಸ್‌ಗೆ ಸೇರಿಸಲೇ?

ಚೆನ್ನಾಗಿ ಓದುವ ದೊಡ್ಡವರೇ ನಿಮಿಷಕ್ಕೆ ಸುಮಾರು 200ರಿಂದ 400 ಪದ ಓದುತ್ತಾರೆ. ವೇಗ ತುಂಬಾ ಏರಿಸಿದರೆ ಅರ್ಥ ಕೈತಪ್ಪುತ್ತದೆ. ನಿಧಾನ ಓದುವ ಮಗುವಿಗೆ ಬೇಕಾದದ್ದು ಪದಗಳ ಪರಿಚಯ. ಕಣ್ಣು ಓಡಿಸುವ ಕಸರತ್ತು ಬೇಡ.

ಹನ್ನೆರಡು ಟೆನ್ಸ್‌ಗಳ ಚಾರ್ಟ್ ಗೋಡೆಗೆ ಅಂಟಿಸಿದ್ದೇವೆ. ಆದರೂ ಮಗ ತಪ್ಪು ಬರೆಯುತ್ತಾನೆ.

ಚಾರ್ಟ್ ತೆಗೆಯಿರಿ. ದಿನಾ ಐದು ವಾಕ್ಯ ಬರೆಯಲಿ: ನಿನ್ನೆ ಏನು ಮಾಡಿದೆ, ದಿನಾ ಏನು ಮಾಡುತ್ತೀಯ, ನಾಳೆ ಏನು ಮಾಡುತ್ತೀಯ. ಈ ಮೂರು ತಪ್ಪಿಲ್ಲದೆ ಬರುವವರೆಗೆ ಉಳಿದ ಟೆನ್ಸ್‌ಗಳ ತಂಟೆಗೆ ಹೋಗಬೇಡಿ.

ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬಂದರೆ ತಪ್ಪಂತೆ, ನಿಜವೇ?

ಇಲ್ಲ. “ವಾಟ್ ಆರ್ ಯು ಲುಕಿಂಗ್ ಅಟ್?” ಪೂರ್ತಿ ಸರಿ.

ಪರೀಕ್ಷೆಗೆ ಬರುವ ಅನ್‌ಸೀನ್ ಪ್ಯಾಸೇಜ್‌ಗಳ ಗೆಸ್ ಪೇಪರ್ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಅನ್‌ಸೀನ್ ಅಂದರೆ ಮೊದಲು ನೋಡಿರದದ್ದು. ಕೊಳ್ಳಬೇಡಿ.